ಕಿವಿ ಮೇಸ್ತ್ರಿ ಕೂರದ ಸೀಟು

ಡಾಕ್ಟರಿಗೆ ಸ್ಟೆತಸ್ಕೋಪು ಹೇಗೋ ಕಿವಿ ಮೇಸ್ತ್ರಿಗೆ ಉದ್ದನೆಯ ಸ್ಕ್ರೂಡ್ರೈವರು ಹಾಗೆ. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಶೆಡ್ಡಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಅರ್ಧ ನಿಮಿಷ ಕೇಳಿ, "ಮೂರನೇ ನಾಜಲ್ಲು" ಎಂದು ಹೇಳಿ ಕೈ ಒರೆಸಿಕೊಳ್ಳುತ್ತಿದ್ದ. ಬಿಚ್ಚಿ ನೋಡಿದರೆ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಆ ಮೂತಿಗಳಲ್ಲಿ ಕೆಟ್ಟಿರುತ್ತಿದ್ದದ್ದು ಮೂರನೆಯದೇ. ಇಪ್ಪತ್ತೆರಡು ವರ್ಷ ಹೀಗೇ ನಡೆದುಬಂದರೆ ಯಾರಿಗೆ ತಾನೆ ತಲೆ ತಿರುಗುವುದಿಲ್ಲ? ಮೇಸ್ತ್ರಿಗೂ ತಿರುಗಿತ್ತು.

ಅವನ ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡಬೇಕು. ರಿಪೇರಿಗೆ ಬಂದ ಲಾರಿಯ ಡ್ರೈವರ್ ಸೀಟಿನಲ್ಲಿ ಅವನು ಕೂರುತ್ತಿರಲಿಲ್ಲ. ಇಂಜಿನ್ನಿಗೆ ರೇಸ್ ಕೊಡಬೇಕಾದರೆ ಬೇರೆ ಮೇಸ್ತ್ರಿಗಳು ಯಾರನ್ನಾದರೂ ಕ್ಯಾಬಿನ್ನಿಗೆ ಹತ್ತಿಸಿ ಎಕ್ಸಲೇಟರ್ ತುಳಿಸುತ್ತಾರೆ. ಇವನು ಇಂಜಿನ್ನಿನ ಪಕ್ಕದಲ್ಲೇ ನಿಂತು, ಪೆಡಲಿನಿಂದ ಬರುವ ರಾಡನ್ನು ಕಳಚಿ, ಡೀಸೆಲ್ ಪಂಪಿನ ಲಿವರನ್ನೇ ಹೆಬ್ಬೆರಳಿಂದ ತಳ್ಳುತ್ತಿದ್ದ. ಕೈಯೆಲ್ಲ ಗ್ರೀಸು, ಸೀಟು ಹೊಲಸಾಗುತ್ತೆ ಎನ್ನುವುದು ಹೊರಗೆ ಹೇಳುವ ಮಾತು. ಒಳಗಿನ ಮಾತೆಂದರೆ ಡ್ರೈವರುಗಳ ಬಗ್ಗೆ ಅವನಿಗೆ ಅಸಡ್ಡೆ. "ಗಾಡಿ ಸುಳ್ಳು ಹೇಳಲ್ಲ, ಓಡ್ಸೋನು ಹೇಳ್ತಾನೆ" ಎನ್ನುತ್ತಿದ್ದ. ತಂಗಿಯನ್ನು ಕೊಟ್ಟಿದ್ದು ಒಬ್ಬ ಡ್ರೈವರಿಗೇ ಅಲ್ಲವೇ ಎಂದು ಯಾರಾದರೂ ಕಿಚಾಯಿಸಿದರೆ, "ಅವನು ಬೇರೆ" ಎಂದು ಮಾತು ಮುಗಿಸುತ್ತಿದ್ದ.

ಆ ಭಾವಮೈದ ನಿಜಕ್ಕೂ ಬೇರೆಯೇ. ಮಾತು ಕಮ್ಮಿ. ಹದಿಮೂರು ವರ್ಷದಿಂದ ಒಬ್ಬನೇ ಓನರ್, ಒಂದೇ ಲಾರಿ. ಎರಡು ವರ್ಷದ ಹಿಂದೆ ಸರಕು ಇಳಿಸುವಾಗ ಕಲ್ಲಿನ ಚಪ್ಪಡಿ ಬಿದ್ದು ಬಲ ಪಾದ ಮುರಿದಿತ್ತು. ಮೂಳೆ ಕೂಡಿಕೊಂಡಿತು, ನಡೆಯುವಾಗ ಒಂದು ಎಳೆಯಷ್ಟು ಕುಂಟು ಉಳಿಯಿತು. ಆಗಲೂ ಓನರ್ ಅವನನ್ನು ಬಿಟ್ಟಿರಲಿಲ್ಲ.

ಆ ಲಾರಿಯ ಇಂಜಿನ್ನು ಒಂದು ದಿನ ರಸ್ತೆಯಲ್ಲೇ ಪ್ರಾಣ ಬಿಟ್ಟಿತು. ಓನರ್ ಗುಜರಿಗೆ ಹೋದ ಬಸ್ಸೊಂದರ ಇಂಜಿನ್ನು ಹುಡುಕಿ ತಂದ. ಹಳೆಯದಕ್ಕಿಂತ ಒಂದು ಕೈ ಮೇಲು. ಬಸ್ಸಿನ ಇಂಜಿನ್ನನ್ನು ಲಾರಿಗೆ ಕೂರಿಸುವುದೆಂದರೆ ದೊಡ್ಡಣ್ಣನ ಅಂಗಿಯನ್ನು ಪಕ್ಕದ ಮನೆಯವನಿಗೆ ಸರಿಮಾಡಿ ಹೊಲಿದ ಹಾಗೆ. ಮೇಸ್ತ್ರಿ ಹನ್ನೆರಡು ದಿನ ಮೈಮುರಿದು ದುಡಿದ. ಬ್ರಾಕೆಟ್ ಕತ್ತರಿಸಿ ಬೇರೆ ಕಡೆ ಬೆಸೆದ, ರೇಡಿಯೇಟರನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಿದ, ಕ್ಯಾಬಿನ್ನಿನಿಂದ ಬರುವ ಹಳೆಯ ಎಕ್ಸಲೇಟರ್ ರಾಡನ್ನು ಹೊಸ ಪಂಪಿನ ಲಿವರಿಗೆ ಸಿಕ್ಕಿಸಿದ. ಹದಿಮೂರನೆಯ ದಿನ ಹೆಬ್ಬೆರಳಿಂದ ಲಿವರ್ ತಳ್ಳಿದಾಗ ಇಂಜಿನ್ನಿನ ಮೊರೆತಕ್ಕೆ ಶೆಡ್ಡಿನ ತಗಡು ನಡುಗಿತು.

ಖಾಲಿ ಗಾಡಿ ಚೆನ್ನಾಗಿಯೇ ಓಡಿತು. ರಗಳೆ ಶುರುವಾದದ್ದು ಲೋಡು ಹಾಕಿದ ಮೇಲೆ. ಸಿಮೆಂಟು ಹೇರಿಕೊಂಡು ಊರಾಚೆಯ ದೊಡ್ಡ ಏರು ಹತ್ತುವಾಗ ಅರ್ಧಕ್ಕೆ ಬರುವಷ್ಟರಲ್ಲಿ ಲಾರಿ ಏದುಸಿರು ಬಿಡುತ್ತಿತ್ತು. ಮೊದಲನೇ ಗೇರಿಗೆ ಇಳಿಸಿ ತೆವಳಬೇಕು, ಹಿಂದೆ ಸಾಲುಗಟ್ಟಿದ ಗಾಡಿಗಳ ಹಾರ್ನೂ ಬೈಗುಳವೂ ಕೇಳಬೇಕು.

"ಭಾವ, ಎಕ್ಸಲೇಟರ್ ಪೂರ್ತಿ ಒತ್ತಿದ್ರೂ ಎಳೆತ ಬರ್ತಿಲ್ಲ," ಎಂದ ಭಾವಮೈದ, ಶೆಡ್ಡಿಗೆ ಬಂದು.

ಮೇಸ್ತ್ರಿ ಡೀಸೆಲ್ ಫಿಲ್ಟರ್ ಬದಲಿಸಿದ. ಬರಲಿಲ್ಲ. ಏರ್ ಫಿಲ್ಟರ್ ಬಿಚ್ಚಿಟ್ಟು ಓಡಿಸಿ ನೋಡು ಎಂದ. ಬರಲಿಲ್ಲ. ನಾಜಲ್ಲುಗಳನ್ನು ಪರೀಕ್ಷೆಗೆ ಕಳಿಸಿದ, ಆರಕ್ಕೆ ಆರೂ ಸರಿಯಿದ್ದವು. ಟ್ಯಾಂಕಿನ ಪೈಪು ಊದಿದ, ಸೈಲೆನ್ಸರ್ ಇಳಿಸಿ ಒಳಗೆ ಟಾರ್ಚ್ ಬಿಟ್ಟ, ಬ್ರೇಕು ಕಚ್ಚಿಕೊಂಡಿದೆಯೇನೋ ಎಂದು ಚಕ್ರಗಳನ್ನೆಲ್ಲ ಎತ್ತಿ ತಿರುಗಿಸಿದ. ಪ್ರತಿ ಸಲವೂ ಕೊನೆಗೆ ಲಿವರನ್ನು ಕೈಯಲ್ಲಿ ತಳ್ಳಿದರೆ ಇಂಜಿನ್ನು ಮತ್ತೆ ಮೊದಲಿನ ಹಾಗೇ ಮೊರೆಯುತ್ತಿತ್ತು. ಇಂಥ ಇಂಜಿನ್ನು ಏರಿನಲ್ಲಿ ಸೋಲುವುದೆಂದರೇನು? ಮೇಸ್ತ್ರಿಗೆ ಅದು ತನಗೇ ಆದ ಅವಮಾನದ ಹಾಗೆ ಕಾಣತೊಡಗಿತು.

ಕೊನೆಗೆ ಅವನೇ ಲೋಡು ಗಾಡಿಯಲ್ಲಿ ಹೊರಟ. ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡ.

"ಒತ್ತು," ಎಂದ ಏರಿನಲ್ಲಿ.

"ಒತ್ತಿದೀನಿ ಭಾವ."

"ಇನ್ನೂ ಒತ್ತು."

"ಒತ್ತಿದೀನಿ."

"ಪೂರ್ತಿ ಒತ್ತಿದ್ರೆ ಹಿಂಗಾ ಕೂಗೋದು? ಇದು ಅರ್ಧ ಒತ್ತಿದ ಸದ್ದು. ನನ್ನ ಕಿವಿಗೇ ಹೇಳ್ಕೊಡ್ತೀಯಾ?"

ಅವನ ಕಿವಿ ಆ ದಿನವೂ ತಪ್ಪಿರಲಿಲ್ಲ. ಇಂಜಿನ್ನಿಗೆ ಅರ್ಧ ರೇಸೇ ಸಿಗುತ್ತಿತ್ತು. ಉಳಿದರ್ಧ ಎಲ್ಲಿ ಹೋಯಿತು ಎಂದು ಹುಡುಕಬೇಕಾದವನು ಕಣ್ಣು ತೆರೆದು ಭಾವಮೈದನ ಕಡೆ ನೋಡಿದ. ನಡುವಿನ ಇಂಜಿನ್ ಡಬ್ಬದ ಮರೆಗೆ ಪೆಡಲು ಕಾಣುತ್ತಿರಲಿಲ್ಲ. ಬಲತೊಡೆ ಮಾತ್ರ ಕಾಣುತ್ತಿತ್ತು, ಅದು ಗಡಗಡ ನಡುಗುತ್ತಿತ್ತು. ಓಹೋ, ಇದಾ ವಿಷಯ ಎಂದುಕೊಂಡ ಮೇಸ್ತ್ರಿ.

ಮಾರನೆಯ ಬೆಳಿಗ್ಗೆ ಗೋಡೌನಿನ ಅಂಗಳದಲ್ಲಿ ಹಮಾಲರೂ ಡ್ರೈವರುಗಳೂ ಟೀ ಲೋಟ ಹಿಡಿದು ನಿಂತಿದ್ದಾಗ ಓನರ್ ಕೇಳಿಯೇಬಿಟ್ಟ, "ಏನ್ ಮೇಸ್ತ್ರಿ, ಕೊನೆಗೂ ಆ ಇಂಜಿನ್ನೇ ಸರಿಯಿಲ್ವಾ?"

"ಇಂಜಿನ್ನಿಗೇನಾಗಿದೆ ಸಾರ್? ತುಳಿಯೋ ಕಾಲಲ್ಲಿ ಬಲ ಇಲ್ಲ, ಅಷ್ಟೇ."

ಯಾರೋ ಕಿಸಕ್ಕೆಂದರು. ಲಾರಿಯ ಪಕ್ಕದಲ್ಲಿದ್ದ ಭಾವಮೈದ ತಲೆ ಎತ್ತಲಿಲ್ಲ, ಎದುರಾಡಲೂ ಇಲ್ಲ. ಹೆಂಡತಿಯ ಅಣ್ಣ ಹೇಳಿದ ಮೇಲೆ ಇನ್ನೇನು ಎದುರಾಡುವುದು? ವಾರದೊಳಗೆ ಓನರ್, "ಕಾಲು ಸರಿಮಾಡ್ಕೊಂಡು ಬಾ, ಆಮೇಲೆ ನೋಡೋಣ" ಎಂದು ಅವನನ್ನು ಮನೆಗೆ ಕಳಿಸಿದ. ಸೋಮವಾರದಿಂದ ಹೊಸ ಡ್ರೈವರ್ ಎಂದಾಯಿತು. ಅಲ್ಲಿಯವರೆಗೆ ಲಾರಿ ಶೆಡ್ಡಿನಲ್ಲೇ ನಿಂತಿತು.

ಶನಿವಾರ ತಂಗಿಯ ಫೋನು ಬಂತು.

"ಅಣ್ಣ, ಅವರ ಕಂಬಳಿ, ನೀರಿನ ಕ್ಯಾನು, ಕನ್ನಡಕ ಎಲ್ಲ ಗಾಡೀಲೇ ಉಳಿದಿದೆ. ಬರುವಾಗ ತಂದ್ಕೊಡು. ಅವರಿಗೆ ಅಲ್ಲಿಗೆ ಬರೋಕೆ ನಾಚಿಕೆ."

ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಬಯ್ಯಲಿಲ್ಲ. ಮೇಸ್ತ್ರಿ ಕ್ಯಾಬಿನ್ ಹತ್ತಿದ. ಕಂಬಳಿ ಇದ್ದದ್ದು ಡ್ರೈವರ್ ಸೀಟಿನ ಹಿಂದೆ. ಎಳೆದಾಗ ಅದರ ಮಡಿಕೆಯಲ್ಲಿದ್ದ ಕನ್ನಡಕ ಜಾರಿ ಪೆಡಲುಗಳ ಬುಡಕ್ಕೆ ಬಿತ್ತು. ಎತ್ತಿಕೊಳ್ಳಲು ಅವನು ಆ ಸೀಟಿನಲ್ಲಿ ಕೂತು ಬಗ್ಗಿದ.

ಎಕ್ಸಲೇಟರ್ ಕೆಳಗಿನ ರಬ್ಬರ್ ಮ್ಯಾಟನ್ನು ಯಾರೋ ಚಾಕುವಿನಿಂದ ಅರ್ಧಚಂದ್ರದ ಹಾಗೆ ಕತ್ತರಿಸಿ ತೆಗೆದಿದ್ದರು. ಯಾರೋ ಏನು ಬಂತು, ಭಾವಮೈದನೇ. ಮ್ಯಾಟಿನ ದಪ್ಪದಷ್ಟಾದರೂ ಪೆಡಲು ಇನ್ನೂ ಕೆಳಗಿಳಿಯಲಿ ಎಂದು. ಅದರಡಿಯ ತಗಡಿಗೆ ಪೆಡಲಿನ ತುದಿ ಬಡಿದೂ ಬಡಿದೂ ಬಣ್ಣ ಹೋಗಿ ಅಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಬೆರಳಿಟ್ಟು ನೋಡಿದರೆ ತಗಡು ತಗ್ಗಾಗಿತ್ತು.

ಹಾಗಾದರೆ ಅವನು ಪೂರ್ತಿಯೇ ಒತ್ತುತ್ತಿದ್ದ ಎಂದುಕೊಂಡ ಮೇಸ್ತ್ರಿ. ಪೆಡಲನ್ನು ನೆಲ ಮುಟ್ಟುವ ತನಕ ತುಳಿದು, ಸೀಟಿಗೂ ಅದಕ್ಕೂ ನಡುವೆ ಒಂದು ಮರದ ತುಂಡು ಕೊಟ್ಟು ನಿಲ್ಲಿಸಿ, ಇಳಿದು ಹೋಗಿ ಪಂಪು ನೋಡಿದ. ಲಿವರು ಕೊನೆ ಮುಟ್ಟಲು ಇನ್ನೂ ಎರಡು ಬೆರಳು ಬಾಕಿ ಇತ್ತು. ಬಸ್ಸಿನ ಲಿವರು ಉದ್ದ. ಲಾರಿಯ ಹಳೆಯ ರಾಡು ಎಷ್ಟು ಎಳೆದರೂ ಅದು ಅರ್ಧವೇ ತಿರುಗುತ್ತಿತ್ತು. ಪೂರ್ತಿ ತಿರುಗುತ್ತಿದ್ದದ್ದು ರಾಡು ಕಳಚಿ ಹೆಬ್ಬೆರಳಿಂದ ತಳ್ಳುವವನಿಗೆ ಮಾತ್ರ. ಒಂದೇ ಒಂದು ದಿನ ಆ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ ತುಳಿಸಿದ್ದರೆ ಮೊದಲನೇ ದಿನವೇ ಕಣ್ಣಿಗೆ ಬೀಳುತ್ತಿತ್ತು.

ಲಿವರಿನ ಬುಡದ ಹತ್ತಿರ ಇನ್ನೊಂದು ತೂತು ಕೊರೆದು ರಾಡನ್ನು ಅಲ್ಲಿಗೆ ಸಿಕ್ಕಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಮಾಡಿದ. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಮಾಡಿದ. ಕತ್ತರಿಸಿದ ಮ್ಯಾಟನ್ನು ಸುತ್ತಿ ಶೆಡ್ಡಿನ ಮೂಲೆಗೆಸೆದು ಹೊಸ ಮ್ಯಾಟು ಹಾಸಿದ. ಇದನ್ನು ಹೇಳಲು ನಮಗೂ ಮುಜುಗರವೇ, ಆದರೆ ಅವನು ಮಾಡಿದ್ದು ಹಾಗೆ. ತಂಗಿಯ ಮನೆಗೂ ತಾನು ಹೋಗದೆ ಸಾಮಾನನ್ನು ಆ ಕಡೆ ಹೋಗುವವರ ಕೈಲಿ ಕೊಟ್ಟು ಕಳಿಸಿದ.

ಸೋಮವಾರ ಹೊಸ ಡ್ರೈವರ್ ತುಂಬಿದ ಲೋಡಿನಲ್ಲಿ ಏರನ್ನು ಒಂದೇ ಉಸಿರಿಗೆ ಹತ್ತಿಸಿದ. ಅಂಗಳದಲ್ಲಿ ಓನರ್ ಮೇಸ್ತ್ರಿಯ ಬೆನ್ನು ತಟ್ಟಿದ. "ನೀನು ಹೇಳಿದ್ದೇ ಸರಿ ಬಿಡು. ಕೆಟ್ಟಿದ್ದು ಕಾಲೇ." ಹಮಾಲನೊಬ್ಬ ಕುಂಟುತ್ತಾ ನಡೆದು, ಇಲ್ಲದ ಪೆಡಲನ್ನು ಮುಕ್ಕಿರಿದು ತುಳಿದು ತೋರಿಸಿದ. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ನಕ್ಕು ಮುಗಿಯುವ ಮೊದಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಎರಡು ದಿನ ಊಟ ಸೇರಲಿಲ್ಲ. ಯಾವ ಇಂಜಿನ್ನಿಗೆ ಸ್ಕ್ರೂಡ್ರೈವರ್ ಇಟ್ಟರೂ ನಾಜಲ್ಲಿನ ಸದ್ದು ಕೇಳುವ ಬದಲು "ಒತ್ತಿದೀನಿ ಭಾವ" ಎಂಬುದೇ ಕೇಳುತ್ತಿತ್ತು. ಮೂರನೇ ದಿನ ಸಂಜೆ, ಇನ್ನೂ ಬೆಳಕಿರುವಾಗಲೇ, ತಂಗಿಯ ಮನೆಗೆ ಹೋದ.

ಹೊರಗಿನ ಕೋಣೆಯಲ್ಲಿ ಭಾವಮೈದ ಕುರ್ಚಿಯ ಮೇಲೆ ಕೂತು, ಗೋಡೆಗೆ ಆನಿಸಿಟ್ಟ ಇಟ್ಟಿಗೆಯನ್ನು ಬಲಗಾಲಿನಿಂದ ಒತ್ತುತ್ತಿದ್ದ. ಹಣೆಯೆಲ್ಲ ಬೆವರು. ಇವನನ್ನು ನೋಡಿ ಎದ್ದು ನಿಂತ.

"ಬನ್ನಿ ಭಾವ. ದಿನಾ ಮುನ್ನೂರು ಸಲ ಒತ್ತುತಾ ಇದೀನಿ. ಈಗ ಸ್ವಲ್ಪ ಬಲ ಬಂದಿದೆ. ಮೊದ್ಲು ನನಗೂ ನಂಬಿಕೆ ಆಗ್ಲಿಲ್ಲ, ಕಾಲು ನೆಟ್ಟಗೇ ಇದೆ ಅನ್ಸೋದು. ಆದ್ರೆ ನಿಮ್ಮ ಕಿವಿ ತಪ್ಪಲ್ಲ ಅಲ್ವಾ?"

ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಮೇಸ್ತ್ರಿಗೆ. ಕೂರದೆ ಅಲ್ಲೇ ನಿಂತುಕೊಂಡು ಎಲ್ಲ ಹೇಳಿದ. ಲಿವರಿನ ವಿಷಯ, ಮ್ಯಾಟಿನ ವಿಷಯ, ಕದ್ದು ಕೊರೆದ ತೂತಿನ ವಿಷಯ, ಕೊನೆಗೆ ತಾನು ನಕ್ಕ ವಿಷಯವನ್ನೂ. ಭಾವಮೈದ ಮೆಲ್ಲಗೆ ಕುರ್ಚಿಯಲ್ಲಿ ಕೂತು ತನ್ನ ಪಾದವನ್ನೇ ನೋಡುತ್ತಿದ್ದ.

"ಅಂದ್ರೆ ಕಾಲು ಸರಿಯಾಗೇ ಇತ್ತಾ?" ಎಂದ.

"ಸರಿಯಾಗೇ ಇತ್ತು. ತಪ್ಪಾಯ್ತು, ನನ್ನನ್ನ ಕ್ಷಮಿಸಿಬಿಡು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ಆಗ ಬಾಯಿ ತೆರೆದಳು. "ಇದನ್ನ ಇಲ್ಲಿ ಹೇಳಿದ್ರೆ ಏನ್ ಬಂತಣ್ಣ? ಎಲ್ಲಿ ಆ ಮಾತು ಆಡಿದ್ಯೋ ಅಲ್ಲೇ ಹೋಗಿ ಹೇಳು." ಅಣ್ಣನಿಗೆ ಅವಳು ಅಂದು ಟೀ ಕೂಡ ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ, ಅದೇ ಅಂಗಳ, ಅದೇ ಟೀ ಲೋಟಗಳು. ಮೇಸ್ತ್ರಿ ಕಂಕುಳಲ್ಲಿ ಹಳೆಯ ಮ್ಯಾಟು ಸುತ್ತಿಕೊಂಡು ಬಂದ. ರಾಡನ್ನು ಹಳೆಯ ತೂತಿಗೇ ಸಿಕ್ಕಿಸಿ, ಹೊಸ ಡ್ರೈವರನ್ನು ಕ್ಯಾಬಿನ್ನಿಗೆ ಹತ್ತಿಸಿ, ಪೂರ್ತಿ ತುಳಿ ಎಂದ. ಓನರನ್ನು ಕೈಹಿಡಿದು ಪಂಪಿನ ಬಳಿ ಕರೆತಂದು ಆ ಎರಡು ಬೆರಳಿನ ಸಂದು ತೋರಿಸಿದ. ಆಮೇಲೆ ಮ್ಯಾಟನ್ನು ನೆಲದ ಮೇಲೆ ಹಾಸಿದ.

"ಕೆಟ್ಟಿದ್ದು ಅವನ ಕಾಲಲ್ಲ ಸಾರ್, ನನ್ನ ಕೆಲಸ. ಗೊತ್ತಾದ ಮೇಲೂ ಮುಚ್ಚಿಟ್ಟಿದ್ದೆ."

ಕುಂಟಿ ತೋರಿಸಿದ್ದ ಹಮಾಲ ಲೋಟದೊಳಗೆ ಮುಖ ಹುದುಗಿಸಿಕೊಂಡ. "ಕಿವಿ ಕೇಳ್ಸುತ್ತೆ, ಕಣ್ಣೇ ಕಾಣಲ್ಲ ನೋಡಿ ನಮ್ಮ ಮೇಸ್ತ್ರಿಗೆ," ಎಂದ ಒಬ್ಬ ಡ್ರೈವರು, ಎಲ್ಲರಿಗೂ ಕೇಳುವ ಹಾಗೆ. ಮೇಸ್ತ್ರಿ ರಾಡನ್ನು ಮತ್ತೆ ಹೊಸ ತೂತಿಗೆ ಸಿಕ್ಕಿಸಿದ. ಓನರ್ ಬಗ್ಗಿ ಮ್ಯಾಟಿನ ಕತ್ತರಿಸಿದ ಅಂಚನ್ನು ಮುಟ್ಟಿ ನೋಡಿದ. "ಹದಿಮೂರು ವರ್ಷ ನನ್ನ ಹತ್ರ ದುಡಿದವನನ್ನ ನಿನ್ನ ಒಂದು ಮಾತಿಗೆ ಇಳಿಸಿದೆನಲ್ಲಯ್ಯಾ," ಎಂದ. ಹೊಸಬನಿಗೆ ಬೇರೆ ಗಾಡಿ ಕೊಟ್ಟು, ಆಗಲೇ ಭಾವಮೈದನ ಮನೆಗೆ ಫೋನ್ ಮಾಡಿದ.

ಮರುದಿನ ಭಾವಮೈದ ತನ್ನ ಸೀಟಿಗೆ ಮರಳಿದ. ಓನರ್ ಹೇಳಿದ್ದರಿಂದ ಮೇಸ್ತ್ರಿಯೂ ಜೊತೆಗೆ ಹತ್ತಿದ, ಪಕ್ಕದ ಸೀಟಿಗೆ. ಈ ಸಲ ಕಣ್ಣು ಮುಚ್ಚಲಿಲ್ಲ. ಲೋಡು ತುಂಬಿತ್ತು. ಏರು ಬಂತು, ಅರ್ಧ ದಾಟಿತು, ಇಂಜಿನ್ನು ಗಂಟಲು ಬಿಚ್ಚಿ ಮೊರೆಯುತ್ತಾ ಲಾರಿಯನ್ನು ಮೇಲಕ್ಕೆಳೆದೊಯ್ಯುತ್ತಿತ್ತು. ಹಿಂದೆ ಒಂದು ಹಾರ್ನೂ ಇರಲಿಲ್ಲ. ಎಂದಾದರೂ ಕೇಳಬೇಕೆಂದು ಮೇಸ್ತ್ರಿ ಹಂಬಲಿಸಿದ್ದ ಸದ್ದು ಅದೇ.

ಅವನು ಏನೋ ಹೇಳಲೆಂದು ಸುಮ್ಮನೆ ಆ ಕಡೆ ತಿರುಗಿದ. ಭಾವಮೈದನಿಗೆ ಅದು ಕಣ್ಣಂಚಿನಲ್ಲಿ ಕಂಡಿತು. ಎರಡೂ ಕೈಯಿಂದ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡು, ರಸ್ತೆಯಿಂದ ಕಣ್ಣು ತೆಗೆಯದೆ, ಯಾರೂ ಕೇಳದಿದ್ದರೂ ಅವಸರದಲ್ಲಿ ಹೇಳಿದ:

"ಒತ್ತಿದೀನಿ ಭಾವ."