ಲೀವನ್ ಸೈಕಲ್ ಬಿಟ್ಟ ಚಳಿಗಾಲ

ಮೂರ್‌ಹುಕ್‌ನ ಗಂಡಸರು ಪ್ರತಿ ಅಕ್ಟೋಬರ್‌ನಲ್ಲಿ ಸೈಕಲ್ ತುಳಿಯುವುದನ್ನು ಬಿಡುತ್ತಾರೆ. ಬಿಡುವುದೆಂದರೆ, ಹಂಸ ಕೆಫೆಯಲ್ಲಿ ಕೂತು, ಬಿಯರ್ ಗ್ಲಾಸು ಕೆಳಗಿಟ್ಟು, "ಸಾಕಪ್ಪ ಸಾಕು, ಇನ್ನು ನನ್ನ ಕೈಲಾಗಲ್ಲ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುವುದು. ಹಾಗೆ ಹೇಳಿದವನು ಮಾರನೆಯ ದಿನವೇ ಮುಂದಿನ ಆಗಸ್ಟ್‌ನ ರೇಸಿಗೆ ತಯಾರಿ ಶುರುಮಾಡುತ್ತಾನೆ. ಫ್ಲಾಂಡರ್ಸ್‌ನ ಈ ಮೂಲೆಯಲ್ಲಿ, ಚಳಿಗಾಲವೆಲ್ಲ ತುಳಿದೆ ಎಂದು ಬಾಯಿಬಿಡುವವನಂಥ ಮುಠ್ಠಾಳ ಇನ್ನೊಬ್ಬನಿಲ್ಲ. ಅವನ ಕಾಲಲ್ಲಿ ಕಸುವಿದೆ ಎಂದು ಗೊತ್ತಾಯಿತೋ, ರೇಸಿನ ದಿನ ಗಾಳಿಯನ್ನೆಲ್ಲ ಅವನೊಬ್ಬನೇ ಸೀಳಲಿ ಎಂದು ಉಳಿದವರೆಲ್ಲ ಅವನ ಹಿಂದಿನ ಚಕ್ರಕ್ಕೇ ಅಂಟಿಕೊಳ್ಳುತ್ತಾರೆ.

ಲೀವನ್ ವೆರ್ಕಾಮರ್ ಈ ಸುಳ್ಳನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದ. ಐವತ್ತು ದಾಟಿದ ಮನುಷ್ಯ, ಹೆಪ್ಪುಗಟ್ಟಿಸಿದ ತರಕಾರಿಯ ಕಾರ್ಖಾನೆಯಲ್ಲಿ ದಿನವಿಡೀ ಬಟಾಣಿ ಹರಿದು ಹೋಗುವುದನ್ನು ನೋಡುತ್ತ ನಿಲ್ಲುವ ಕೆಲಸ. ಆಗಸ್ಟ್ ಕೊನೆಯಲ್ಲಿ ಊರ ಉತ್ಸವದಂದು ಚರ್ಚಿನ ಸುತ್ತ ನಡೆಯುವ ಹಿರಿಯರ ರೇಸಿನಲ್ಲಿ ಮೂರು ಸಲ ಎರಡನೆಯವನಾಗಿದ್ದ. ಮೊದಲನೆಯವನಿಗೆ ಹೂಗುಚ್ಛ, ಎರಡನೆಯವನಿಗೆ ಹಂದಿಮಾಂಸ. ಅವನು ಮೊದಲ ಸಲ ಆ ರೇಸಿಗಿಳಿದ ವರ್ಷ ಹೆಂಡತಿ ಮಾರ್ಲೀನ್ ಆ ಹೂಗುಚ್ಛಕ್ಕೆಂದೇ ನೀಲಿ ಗಾಜಿನ ಹೂದಾನಿಯೊಂದನ್ನು ತಂದಿಟ್ಟಿದ್ದಳು. ಹೂವು ಬರಲಿಲ್ಲ. ಕೆಲವು ವರ್ಷ ಕಾದು, ಅದರಲ್ಲಿ ಮರದ ಸೌಟುಗಳನ್ನು ಇಟ್ಟಳು. ಆಮೇಲೆ ರೇಸಿನ ದಿನವೂ ಸೌಟುಗಳು ಅಲ್ಲೇ ಇರುತ್ತಿದ್ದವು, ಆ ವಿಷಯವನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಆ ಅಕ್ಟೋಬರ್‌ನಲ್ಲಿ ಲೀವನ್ ಕೆಫೆಯಲ್ಲಿ ಕಣ್ಣಲ್ಲಿ ನೀರು ತಂದುಕೊಂಡು ಸೈಕಲ್ ಬಿಟ್ಟ. ಮನೆಗೆ ಬಂದು ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚಳಿಗಾಲದ ಯೋಜನೆ ಬರೆದ. ನವೆಂಬರ್ ಪೂರ್ತಿ ವಿಶ್ರಾಂತಿ. ಡಿಸೆಂಬರ್‌ನಲ್ಲಿ ಉದ್ದದ, ನಿಧಾನದ ಸವಾರಿ. ಜನವರಿಯಲ್ಲಿ ಕಾಲುವೆಯ ದಂಡೆಯ ಮೇಲೆ ಎದುರುಗಾಳಿಗೆ ತುಳಿತ. ಫೆಬ್ರವರಿಯಲ್ಲಿ ವೇಗ. ಕಾಲಲ್ಲಿ ಇನ್ನೊಂದೆರಡು ವರ್ಷದ ಕಸುವು ಉಳಿದಿದೆ, ಗೆದ್ದರೆ ಈಗ ಗೆಲ್ಲಬೇಕು, ಇಲ್ಲದಿದ್ದರೆ ಸೌಟೇ ಗತಿ ಎಂದು ಅವನಿಗೆ ಗೊತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ನವೆಂಬರ್. ಸುಮ್ಮನೆ ಕೂರುವುದನ್ನು ಕಲಿಯದ ಮನುಷ್ಯ ಅಡುಗೆಮನೆಯ ಬೀರುಗಳ ಬಾಗಿಲನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದ. ಆಮೇಲೆ ಅವು ಮುಚ್ಚಲಿಲ್ಲ. "ನಿನ್ನ ವಿಶ್ರಾಂತಿ ಇನ್ನೊಂದು ವಾರ ನಡೆದ್ರೆ ನಾನು ತವರಿಗೆ ಹೋಗ್ತೀನಿ" ಅಂದಳು ಮಾರ್ಲೀನ್.

ಡಿಸೆಂಬರ್‌ನಿಂದ ಕಳ್ಳಾಟ ಶುರುವಾಯಿತು. ಬ್ರೆಡ್ ವ್ಯಾಪಾರದ ಭಾವಮೈದನ ವ್ಯಾನಿನೊಳಗೆ ಸೈಕಲ್ ಬಚ್ಚಿಟ್ಟುಕೊಂಡು ಮೂರು ಊರು ದಾಟಿ, ಅಲ್ಲಿಂದ ಹೆಸರಿಲ್ಲದ ಕಪ್ಪು ಅಂಗಿಯಲ್ಲಿ ತುಳಿದ. ಮಂಜು ಬಿದ್ದ ದಿನ ಗ್ಯಾರೇಜಿನಲ್ಲೇ ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿ ಇದ್ದಲ್ಲೇ ತುಳಿಯುತ್ತಿದ್ದ. ಉರುಳೆಯ ಗುಂಯ್‌ಗುಡುವ ಸದ್ದು ಪಕ್ಕದ ಮನೆಗೆ ಕೇಳದಿರಲೆಂದು ಮಾರ್ಲೀನ್ ಬಟ್ಟೆ ಒಗೆಯುವ ಮೆಷಿನ್ ಹಾಕುತ್ತಿದ್ದಳು. ಒಗೆದದ್ದನ್ನೇ ಒಗೆದು ಹಾಸಿಗೆಯ ಹೊದಿಕೆಗಳು ಜಾಳಾದವು.

ಪಕ್ಕದ ಮನೆಯ ಗಾಸ್ಟೊನ್ ಕೊಳಾಯಿ ರಿಪೇರಿಯವನು. ಹೆಂಡತಿ ತೀರಿಕೊಂಡು ಎರಡು ವರ್ಷ. ರೇಸಿನಲ್ಲಿ ಮೊದಲ ಐವರೊಳಗೆ ಎಂದೂ ಬಂದವನಲ್ಲ, ಈಗಂತೂ ಮಂಡಿನೋವು. ಒಂದು ದಿನ ಬೇಲಿಯಾಚೆಯಿಂದ ಕೇಳಿದ: "ಅಲ್ಲ ಲೀವನ್, ನಿಮ್ಮನೇಲಿ ಇರೋದು ಇಬ್ಬರು. ಅಷ್ಟು ಕೊಳೆ ಎಲ್ಲಿಂದ ತರ್ತೀರಿ?"

"ಮಾರ್ಲೀನ್‌ಗೆ ಶುಚಿ ಜಾಸ್ತಿ. ನಿನ್ನದೂ ವ್ಯಾಕ್ಯೂಮ್ ಕ್ಲೀನರ್ ದಿನಾ ಸಂಜೆ ಗುಂಯ್‌ಗುಡ್ತಿರುತ್ತಲ್ಲ?"

"ಒಂಟಿ ಜೀವ ಕಣೋ," ಅಂದ ಗಾಸ್ಟೊನ್. "ಏನೋ ಒಂದು ಮಾಡ್ತಿರಬೇಕು."

ಪಾಪ, ಒಂಟಿತನಕ್ಕೆ ಗುಡಿಸುವ ಹುಚ್ಚು ಹಿಡಿದಿದೆ ಎಂದು ಲೀವನ್ ಮರುಗಿದ.

ಎಡವಟ್ಟಾದದ್ದು ಮಾರ್ಚ್‌ನಲ್ಲಿ. ಉತ್ಸವ ಸಮಿತಿಗೆ ಆ ವರ್ಷ ಹೊಸ ಅಧ್ಯಕ್ಷೆ ಬಂದಿದ್ದಳು, ಔಷಧಿ ಅಂಗಡಿಯ ಎಲ್ಸ್. ಘೆಂಟ್ ನಗರದವಳು, ಜನ ಹೇಳಿದ್ದನ್ನು ನಂಬುವ ಕೆಟ್ಟ ಅಭ್ಯಾಸ ಅವಳಿಗೆ. ಹಂಸ ಕೆಫೆಯಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದಳು: "ನೀವೆಲ್ಲ ಸೈಕಲ್ ಬಿಟ್ಟಿರಿ ಅಂತ ಕೇಳಿ ಬೇಜಾರಾಯ್ತು. ಊರಿನವರೇ ಇಲ್ಲದ ಮೇಲೆ ಹಿರಿಯರ ರೇಸ್ ಯಾಕೆ? ಈ ಸಲ ಅದನ್ನ ಕೈಬಿಟ್ಟು ಮಕ್ಕಳಿಗೆ ಕುಣಿಯೋಕೆ ಗಾಳಿ ತುಂಬಿದ ರಬ್ಬರ್ ಕೋಟೆ ತರಿಸೋಣ. ಯಾರಾದ್ರೂ ಟ್ರೇನಿಂಗ್ ಮಾಡಿದ್ದೀರಾ?"

 ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಇಲ್ಲಿ ಒಂದಿಬ್ಬರು ಮೇಜಿನ ಕೆಳಗೆ ಮೀನಖಂಡ ಮುಟ್ಟಿಕೊಂಡರು. ಬಾಯಿ ಮಾತ್ರ ಯಾರೂ ಬಿಡಲಿಲ್ಲ. ಮೊದಲು ಬಾಯಿಬಿಟ್ಟವನು ರೇಸ್ ಉಳಿಸುತ್ತಾನೆ, ಆದರೆ ತಾನು ಸೋಲುತ್ತಾನೆ. ಅಷ್ಟು ಲೆಕ್ಕ ಎಲ್ಲರಿಗೂ ಬರುತ್ತಿತ್ತು. ರೇಸನ್ನು ಪಟ್ಟಿಯಿಂದ ಹೊಡೆದುಹಾಕಲು ಎಲ್ಸ್ ಪೆನ್ನಿನ ಮುಚ್ಚಳ ತೆಗೆದಳು.

ಲೀವನ್ ಎದ್ದು ನಿಂತ.  "ನಾನು ಮಾಡಿದೀನಿ."

"ಕೂತ್ಕೊಳೋ ಮಾರಾಯ," ಅಂದ ಬಾರಿನ ಹತ್ತಿರದವನೊಬ್ಬ. "ಅಳ್ತಾ ಬಿಟ್ಟಿದ್ದು ನಾವು ನೋಡಿಲ್ವಾ?"

ಎಷ್ಟು ಚೆನ್ನಾಗಿ ಸುಳ್ಳು ಹೇಳಿದ್ದನೆಂದರೆ ಈಗ ನಿಜಕ್ಕೆ ಬೆಲೆಯಿಲ್ಲ. ಮಾಡಿದ್ದುಣ್ಣೋ ಮಹರಾಯ! ಲೀವನ್ ಕುರ್ಚಿಯ ಮೇಲೆ ಕಾಲಿಟ್ಟು ಪ್ಯಾಂಟನ್ನು ಮಂಡಿಯವರೆಗೆ ಸುತ್ತಿದ. ರೇಸಿಗೆ ತುಳಿಯುವವರೆಲ್ಲ ಕಾಲಿನ ಕೂದಲು ಬೋಳಿಸುತ್ತಾರೆ, ಸೈಕಲ್ ಬಿಟ್ಟವನು ಮೊದಲು ಬಿಡುವುದು ರೇಜರನ್ನು. ಈ ಕಾಲಿನಲ್ಲಿ ಒಂದೇ ಒಂದು ಕೂದಲಿರಲಿಲ್ಲ. ನುಣ್ಣಗೆ ಬೋಳಿಸಿದ ಮೀನಖಂಡದ ಮೇಲೆ ನರಗಳು ಹಗ್ಗದಂತೆ ಎದ್ದಿದ್ದವು.

ಬಾರಿನ ಹತ್ತಿರದವನು ಗಂಟಲು ಸರಿಮಾಡಿಕೊಂಡು ತನ್ನ ಪ್ಯಾಂಟನ್ನೂ ಸುತ್ತಿದ. ಅವನದೂ ನುಣ್ಣಗಿತ್ತು. ಆಮೇಲೆ ಒಬ್ಬೊಬ್ಬರಾಗಿ ಇಡೀ ಕೆಫೆ ಪ್ಯಾಂಟು ಸುತ್ತಿ ಬೋಳುಕಾಲು ತೋರಿಸಿತು. ಎಲ್ಸ್ ಪೆನ್ನಿಗೆ ಮುಚ್ಚಳ ಹಾಕಿದಳು. "ಹಾಗಾದ್ರೆ ರೇಸ್ ಇದೆ," ಅಂದಳು. "ಕಾಲು ಮುಚ್ಚಿಕೊಳ್ಳಿ."

ಮೂಲೆಯಲ್ಲಿ ಗಾಸ್ಟೊನ್ ಒಬ್ಬನೇ ಪ್ಯಾಂಟು ಸುತ್ತದೆ ಕೂತಿದ್ದ. "ನನ್ನದು ಮಂಡಿ ಕಣ್ರಪ್ಪ," ಅಂದ. ಎಲ್ಲರೂ ಅವನಿಗೆ ಬಿಯರ್ ಕುಡಿಸಿದರು.

ಆಗಸ್ಟ್‌ನಲ್ಲಿ ಅವನೂ ಬೆನ್ನಿಗೆ ನಂಬರ್ ಕಟ್ಟಿಕೊಂಡು ಬಂದ. ಸುಮ್ಮನೆ ಜೊತೆಗಿರೋಣ ಅಂತ ಬಂದೆ ಎಂದ. ಯಾರೂ ಅವನನ್ನು ನೋಡಲಿಲ್ಲ, ಎಲ್ಲರ ಕಣ್ಣೂ ಲೀವನ್‌ನ ಕಾಲಿನ ಮೇಲಿತ್ತು. ಲೀವನ್ ಮುಂದೆ ಹೋದರೆ ಹಿಂಡೇ ಹಿಂದೆ ಬರುತ್ತಿತ್ತು, ಅವನು ನಿಧಾನಿಸಿದರೆ ಹಿಂಡೂ ನಿಧಾನಿಸುತ್ತಿತ್ತು. ಕೊನೆಗೆ ಎರಡು ಸುತ್ತು ಉಳಿದಾಗ ಗಾಸ್ಟೊನ್ ಹಾಲು ತರಲು ಹೋಗುವವನಂತೆ ಪಕ್ಕದಿಂದ ಹಾದುಹೋದ. ಲೀವನ್ ಬೆನ್ನಟ್ಟಿದ. ಉಳಿದವರಲ್ಲಿ ಒಬ್ಬನೂ ಮುಂದೆ ಬಂದು ಗಾಳಿಗೆ ಎದೆಕೊಡಲಿಲ್ಲ. ಪಾಪಿಗಳು!

ಮೊದಲನೆಯವನು ಗಾಸ್ಟೊನ್, ಎರಡನೆಯವನು ಮತ್ತೆ ಲೀವನ್. ಮತ್ತೆ ಹಂದಿಮಾಂಸ. ಕೆಫೆಯಲ್ಲಿ ಕೂತು, ಸಂಜೆಗೆ ಮನೆ ಸೇರಿದ. ಅಡುಗೆಮನೆಯ ಮೇಜಿನ ಮೇಲೆ ಸೌಟುಗಳು ಚೆಲ್ಲಿಕೊಂಡಿದ್ದವು. ಹೂದಾನಿ ಇರಲಿಲ್ಲ.

"ಎಲ್ಲಿ ಅದು?"

"ಗಾಸ್ಟೊನ್‌ಗೆ ಕೊಟ್ಟೆ," ಅಂದಳು ಮಾರ್ಲೀನ್. "ಕಿಟಕೀಲಿ ಕಾಣಿಸ್ತು. ಹೂವನ್ನ ನೆಲ ಒರೆಸೋ ಬಕೆಟ್‌ನಲ್ಲಿ ಇಟ್ಟಿದ್ದ. ಅವನ ಮನೆ ಧೂಳು ನೋಡ್ಬೇಕಿತ್ತು ನೀನು, ಆಲೂಗಡ್ಡೆ ಬೆಳೀಬಹುದು. ಆ ವ್ಯಾಕ್ಯೂಮ್ ಕ್ಲೀನರ್ ಗ್ಯಾರೇಜಲ್ಲಿದೆ, ಸೈಕಲ್ ಉರುಳೆಗಳ ಪಕ್ಕ."

ಲೀವನ್ ಹಂದಿಮಾಂಸದ ಪೊಟ್ಟಣವನ್ನು ಮೇಜಿನ ಮೇಲೆ ಕುಕ್ಕಿದ. "ಬರೀ ಹೂದಾನಿ ಕೊಟ್ಯಾ, ನೀರೂ ತುಂಬಿಸಿಕೊಟ್ಯಾ?"

"ನೀರು ಅದರಲ್ಲಿ ಇತ್ತು. ಹಾಗೇ ಎತ್ಕೊಂಡು ಹೋದೆ."

"ಯಾವಾಗ ತುಂಬಿದ್ದು?"

"ಬೆಳಗ್ಗೆ, ರೇಸಿಗೆ ಮುಂಚೆ," ಅಂದಳು. ಬೆನ್ನು ತಿರುಗಿಸಿ ಆಲೂಗಡ್ಡೆಯ ನೀರು ಬಸಿದಳು.

ಹಿಂದಿನ ಮೂರು ಸಲ ಸೋತಾಗಲೂ ಇಷ್ಟು ನೋವಾಗಿರಲಿಲ್ಲ.  ಲೀವನ್ ಮುಚ್ಚದ ಬೀರುವಿನಿಂದ ಖಾಲಿ ಉಪ್ಪಿನಕಾಯಿ ಜಾಡಿಯೊಂದನ್ನು ತೆಗೆದು, ಸೌಟುಗಳನ್ನು ಒಂದೊಂದಾಗಿ ಎತ್ತಿ ಅದರೊಳಗೆ ಇಟ್ಟ.

"ಇವು ಇನ್ನು ಇಲ್ಲೇ ಇರ್ಲಿ," ಅಂದ. "ಹೂದಾನಿ ವಾಪಸ್ ಬಂದ ಮೇಲೂ."