ಪಕ್ಕದ ಮನೆಯ ಹೆಪ್ಪು

ಇವತ್ತು ಬೆಳಿಗ್ಗೆ ಮೊಸರಿನ ಪಾತ್ರೆಯ ಮುಚ್ಚಳ ತೆಗೆದಾಗ ತುಸು ಹೊಗೆ ಬೆರೆತ ಹುಳಿವಾಸನೆ ಮೂಗಿಗೆ ಬಡಿಯಿತು. ಹಾಲು ಪ್ಯಾಕೆಟಿನದು, ಒಲೆ ಗ್ಯಾಸಿನದು, ಹೊಗೆ ಎಲ್ಲಿಂದ ಬರಬೇಕು? ಆದರೂ ಬಂತು... ಕಾಪುವಿನಲ್ಲಿ ಸೌದೆ ಒಲೆಯ ಮುಂದೆ ಕೂತಿರುತ್ತಿದ್ದ ಪಕ್ಕದ ಮನೆಯ ಅಕ್ಕ ನೆನಪಾದರು.

ಆಗ ನನಗೆ ಹೊಟ್ಟೆಯಲ್ಲಿ ಸೋಂಕು. ಮಣಿಪಾಲದ ಡಾಕ್ಟರು ಎರಡು ಬಗೆಯ ಆ್ಯಂಟಿಬಯೋಟಿಕ್ ಬರೆದುಕೊಟ್ಟು, ಅರ್ಧಕ್ಕೆ ಬಿಟ್ಟರೆ ರೋಗ ಮತ್ತೆ ತಲೆ ಎತ್ತುತ್ತದೆ, ಆಮೇಲೆ ಇದೇ ಔಷಧಿ ನಾಟದಿರಬಹುದು ಎಂದು ಎಚ್ಚರಿಸಿದ್ದರು. ಮೊಸರು ತಿನ್ನಿ, ಮಾತ್ರೆಗೂ ಅದಕ್ಕೂ ಅಂತರವಿರಲಿ ಎಂದೂ ಹೇಳಿದ್ದರು. ನನ್ನ ಕೈಯಲ್ಲಿ ಮೊಸರು ಎಂದೂ ಸರಿಯಾಗಿ ಹೆಪ್ಪುಗಟ್ಟಿದ್ದಿಲ್ಲ. ಹಾಗಾಗಿ ಅಕ್ಕ ದಿನಾ ಗೋಡೆಯ ಮೇಲಿಂದ ಒಂದು ಬಟ್ಟಲು ಚಾಚುತ್ತಿದ್ದರು, ಅದೂ ದೀಪ ಹಚ್ಚುವ ಮೊದಲೇ. ದೀಪ ಹಚ್ಚಿದ ಮೇಲೆ ಹೆಪ್ಪು ಹೊಸಿಲು ದಾಟಬಾರದು ಎಂಬುದು ಅವರ ಕಟ್ಟುನಿಟ್ಟು.

ಹೇಳದೆಯೇ ಅವರಿಗೆ ಎಲ್ಲ ತಿಳಿಯುತ್ತಿತ್ತು. “ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಉಂಟಲ್ವಾ? ನಾಳೆಯಿಂದ ಭೇದಿ ಶುರುವಾಗ್ತದೆ, ನೋಡು” ಎಂದರು. ಹಾಗೇ ಆಯಿತು. ಹೈರಾಣಾಗಿ, ಇನ್ನು ಮಾತ್ರೆ ಸಾಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ ದಿನ, ಅವರು ಮುಖ ನೋಡದೆಯೇ ಹೇಳಿದರು: “ಬಿಡ್ಬೇಡ ಮಾರಾಯ್ತಿ. ನಾನು ಅರ್ಧಕ್ಕೇ ಬಿಟ್ಟವಳು.”

ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡು, ಹಲ್ಲು ಕಚ್ಚಿ ಮಾತ್ರೆ ಮುಗಿಸಿದೆ.

ನನಗೆ ಹಸಿವು ಮರಳಿತು. ಅಕ್ಕ ಮಾತ್ರ ಬಡಕಲಾಗುತ್ತ ಹೋದರು. ನನ್ನ ಮೈಗೆ ಬಂದದ್ದು ಅವರ ಮೈಯಿಂದಲೇ ಹೋಗುತ್ತಿದೆಯೇನೋ ಎಂದು ಹೆದರಿಕೆಯಾಗುತ್ತಿತ್ತು. ಡಾಕ್ಟರ ಹತ್ತಿರ ಹೋಗಿ ಎಂದು ಗೋಗರೆದೆ. “ನನಗೆಂತ ಆಗಿದೆ? ನೋವೇ ಇಲ್ಲ” ಎಂದು ನಕ್ಕರು. ಒಂದು ಬೆಳಿಗ್ಗೆ ರಕ್ತ ಕಾರಿಕೊಂಡರು. ಮನೆಯವರು ಮಣಿಪಾಲಕ್ಕೆ ಕರೆದೊಯ್ದರು. ಅಕ್ಕ ಜೀವಂತ ವಾಪಸು ಬರಲಿಲ್ಲ...

ಸೂತಕವೆಂದು ಆ ಮನೆಯ ಅಡುಗೆಕೋಣೆಯಲ್ಲಿದ್ದುದನ್ನೆಲ್ಲ ಚೆಲ್ಲಿದರು, ಹೆಪ್ಪನ್ನೂ. ಉತ್ತರಕ್ರಿಯೆ ಮುಗಿದ ಮೇಲೆ ಅವರ ಸೊಸೆ ಬಟ್ಟಲು ಹಿಡಿದು ಬಂದಳು. ಅಷ್ಟರಲ್ಲಿ ನಾನು ಅಕ್ಕ ಕೊಟ್ಟ ಮೊಸರಿನಿಂದಲೇ ಹೆಪ್ಪು ಹಾಕುವುದನ್ನು ಕಲಿತಿದ್ದೆ. ಅದರಲ್ಲೇ ಒಂದಿಷ್ಟು ಕೊಟ್ಟೆ.

ಎರಡು ದಿನ ಬಿಟ್ಟು ಬಂದವಳ ಮುಖ ಬಿಳಿಚಿಕೊಂಡಿತ್ತು. “ಹೆಪ್ಪು ಎಲ್ಲಿಂದ ತಂದದ್ದು ಅಂತ ಮಾವನಿಗೆ ಹೇಳಿರ್ಲಿಲ್ಲ ಅಕ್ಕಾ. ಒಂದು ತುತ್ತು ತಿಂದವರು ಹಿತ್ತಲ ಬಾಗಿಲು ನೋಡಿ, ‘ಅವಳು ಯಾವಾಗ ಬಂದದ್ದು?’ ಅಂತ ಕೇಳಿದ್ರು.”

ನಾನೀಗ ಕಾರ್ಕಳದಲ್ಲಿದ್ದೇನೆ. ಅದೇ ಹೆಪ್ಪು ಇಲ್ಲಿಯೂ ಮುಂದುವರಿದಿದೆ. ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ನನ್ನಲ್ಲಿ ಸೋಂಕಿಲ್ಲ ಎಂದು ಹೇಳಿಯೂ ಆಗಿದೆ. ನನ್ನ ಮಾತ್ರೆ ಮುಗಿಯುವವರೆಗೆ ಬೆನ್ನು ಬಿಡದವರು ತಮ್ಮದನ್ನು ಮುಗಿಸಲಿಲ್ಲವಲ್ಲ ಎಂದು ಇವತ್ತಿಗೂ ಸಿಟ್ಟು ಬರುತ್ತದೆ. ಮನೆಯಲ್ಲಿ ಒಬ್ಬಳೇ ಇದ್ದಾಗ ಊಟದ ಮುಂದೆ ಕೂತು ಅವರನ್ನು ಜೋರಾಗಿಯೇ ಬೈಯುತ್ತೇನೆ. ಬೈದು, ಬಾಗಿಲ ಕಡೆ ಕಿವಿಗೊಡುತ್ತೇನೆ. ಉತ್ತರ ಬಂದೀತು ಎಂದು ಹೆದರಿಕೆ. ಬಾರದಿದ್ದಾಗ ಅಳು.