ಸಿಂಕಿನಲ್ಲಿ ಮುಳುಗಿದ ನೋಟ್‌ಬುಕ್

ಚಹಾ ಕುಡೀತಾ ಕೇಳಿ, ಅಮೆರಿಕದಲ್ಲಿ ಒಬ್ಬರ ಆತ್ಮಕಥೆಯನ್ನು ಪುಸ್ತಕ ಮಾಡಿಸಿದವನು ನಾನೇ. ಸುಳ್ಳು ಕಣ್ರೀ, ಹಾಳು ಮಾಡಿದವನು ನಾನು.

ಅಲ್ಲಿ ನಾನಿದ್ದ ಮೀರಾ ಮೆಸಾ ಬಡಾವಣೆಯಲ್ಲಿ ಪಕ್ಕದ ಮನೆಯ ಪಾವೆಲ್ ಅಂಕಲ್, ಸೋವಿಯತ್ ಕಾಲದಲ್ಲಿ ಮನೆಯೊಳಗೆ ಪ್ರಾರ್ಥನೆ ನಡೆಸಿದ್ದಕ್ಕೆ ಜೈಲು ಕಂಡ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರು. ಆ ಕಥೆಯನ್ನೆಲ್ಲ ಶಾಯಿ ಪೆನ್ನಿನಲ್ಲಿ, ಇಂಗ್ಲಿಷಿನಲ್ಲಿ, ಒಂದು ನೋಟ್‌ಬುಕ್ಕಿಗೆ ಇಳಿಸಿದ್ದರು. ಟೈಪ್ ಮಾಡಿಕೊಡುತ್ತೇನೆಂದು ಅದನ್ನು ತರಲು ಹೋದವನು, ತಮಾಷೆಗೆ ಬಾಗಿಲು ಗುದ್ದಿ "ಪೊಲೀಸ್! ಬಾಗಿಲು ತೆಗಿ!" ಎಂದು ಅರಚಿದೆ. ಒಳಗೆ ನಲ್ಲಿ ಸುರಿಯುವ ಸದ್ದು. ಬಾಗಿಲು ತೆರೆದವರ ಕೈ ಮೊಣಕೈವರೆಗೂ ನೀಲಿ. ನೋಟ್‌ಬುಕ್ ಸಿಂಕಿನಲ್ಲಿ ಮುಳುಗಿತ್ತು.

"ನೀನಾ?" ಎಂದರು. "ಅದರಲ್ಲಿ ನಮ್ಮವರ ಹೆಸರುಗಳಿದ್ದವು ಕಣಪ್ಪ. ಅವರು ಸಿಕ್ಕಿಬೀಳಬಾರದಲ್ಲ."

"ಮತ್ತೆ ಬರೆಯಿರಿ, ಅಂಕಲ್."

"ಎಂಬತ್ತಾಯ್ತು. ಇನ್ನೊಮ್ಮೆ ಆ ಜೈಲಿಗೆ ಹೋಗಿಬರೋ ಶಕ್ತಿ ಇಲ್ಲ," ಎಂದು ನನಗೇ ಚಹಾ ಮಾಡಿಕೊಟ್ಟರು.

ಆ ಚಹಾ ಇನ್ನೂ ಗಂಟಲಲ್ಲೇ ಇದೆ. ಇದು ಮಾತ್ರ ಸುಳ್ಳಲ್ಲ. ಇವತ್ತಿನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.